ರಾಣಿಯ ಹುಟ್ಟುಹಬ್ಬ, ಕುಕ್ಕರಿನ ಸೀಟಿ

ನಾನು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನಿಗೆ ಬಂದದ್ದು 1978ರಲ್ಲಿ. ಆಗ ನೆದರ್‌ಲೆಂಡ್ಸಿನಲ್ಲಿ ಏಪ್ರಿಲ್ 30 ರಾಣಿ ಯುಲಿಯಾನಾ ಹುಟ್ಟಿದ ದಿನ, ಊರಿಗೆಲ್ಲ ರಜೆ. ಅರಮನೆಯ ಮೆಟ್ಟಿಲ ಮೇಲೆ ನಿಂತ ರಾಣಿ, ಸಾಲಾಗಿ ಬಂದವರಿಂದ ಹೂವು, ಕೇಕು ಈಸಿಕೊಳ್ಳುವುದನ್ನು ಕಪ್ಪುಬಿಳುಪು ಟೀವಿಯಲ್ಲಿ ನೋಡಿ, "ಮೈಸೂರು ದರ್ಬಾರಿನ ಮುಂದೆ ಇದೆಂಥದ್ದು, ಸೀಮಂತದ ಹಾಗಿದೆ" ಎಂದು ನಕ್ಕಿದ್ದೆ. ದರ್ಬಾರನ್ನೇನೂ ನಾನು ಕಂಡವಳಲ್ಲ.

ಆ ಒಂದು ದಿನ ಯಾರು ಬೇಕಾದರೂ ಬೀದಿಯಲ್ಲಿ ಕೂತು ಮನೆಯ ಹಳೇ ಸಾಮಾನು ಮಾರಬಹುದಿತ್ತು. 1979ರಲ್ಲಿ ನಾನೂ ವೊಂಡೆಲ್ ಪಾರ್ಕಿನಲ್ಲಿ ಜಮಖಾನ ಹಾಸಿದೆ. ಅತ್ತೆ ಕೊಟ್ಟ ಹಿತ್ತಾಳೆ ಚಕ್ಕುಲಿ ಒರಳಿನಲ್ಲಿ ಒತ್ತಿದ 50 ಚಕ್ಕುಲಿ, ಒಂದಕ್ಕೆ ಒಂದು ಕ್ವಾರ್ತ್ಯೆ, ಅಂದರೆ 25 ಸೆಂಟ್. ಓಮ, ಇಂಗಿನ ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡು ಬಂದರು, ಆದರೂ ಬಂದರು. ಖರ್ಚಾದದ್ದು 19. ನಾಲ್ಕು ಗಿಲ್ಡರ್ 75 ಸೆಂಟಿನಲ್ಲಿ ಎರಡೂವರೆ ಗಿಲ್ಡರ್ ಕೊಟ್ಟು ಮರದ ಕಾಫಿಪುಡಿ ಗಿರಣಿ ಕೊಂಡೆ. ಉಳಿದ 31 ಚಕ್ಕುಲಿಯನ್ನು ನಮ್ಮನೆಯವರು ವಾರವಿಡೀ ಮಾತಿಲ್ಲದೆ ತಿಂದರು.

ಮರುವರ್ಷ ಅದೇ ದಿನ ಯುಲಿಯಾನಾ ಇಳಿದು ಮಗಳು ಬೇಯಾಟ್ರಿಕ್ಸ್ ರಾಣಿಯಾದಳು. ಮನೆ ಸಿಗದ ಹುಡುಗರು "ಮನೆಯಿಲ್ಲ, ಪಟ್ಟವಿಲ್ಲ" ಎಂದು ಬೀದಿಗಿಳಿದಿದ್ದರು. ಟೀವಿಯಲ್ಲಿ ಒಂದು ಗಳಿಗೆ ಪಟ್ಟಾಭಿಷೇಕ, ಇನ್ನೊಂದು ಗಳಿಗೆ ಅಶ್ರುವಾಯು. ಹೊಸ ರಾಣಿ ಹುಟ್ಟಿದ್ದು ಜನವರಿ 31, ಬೀದಿಯಲ್ಲಿ ಕೂತರೆ ಹೆಪ್ಪುಗಟ್ಟುವ ಕಾಲ. ಅದಕ್ಕೇ ಅಮ್ಮನ ಹುಟ್ಟುಹಬ್ಬವನ್ನೇ ಉಳಿಸಿಕೊಂಡಳು. 2013ರಲ್ಲಿ ಮಗ ರಾಜನಾದ ಮೇಲೆ ಹಬ್ಬ ಏಪ್ರಿಲ್ 27ಕ್ಕೆ ಹೋಯಿತು. 2014ರ 27 ಭಾನುವಾರ, ಆದ್ದರಿಂದ ಹಿಂದಿನ ದಿನವೇ ಆಚರಣೆ. ನನಗದು ಗೊತ್ತಿರಲಿಲ್ಲ. ನಾಳೆಗೆಂದು ಶನಿವಾರ ಚಕ್ಕುಲಿ ಕರಿಯುತ್ತ ಕೂತಿದ್ದೆ. ಹೊರಗೆ ಹಬ್ಬ ನಡೆದುಹೋಗುತ್ತಿತ್ತು!

ಈಗ ಅದೇ ಜಮಖಾನದ ಮೇಲೆ ಮೊಮ್ಮಗ ಕೂರುತ್ತಾನೆ, ಎದುರಿಗೆ ಕ್ಯೂಆರ್ ಕೋಡ್ ಅಂಟಿಸಿದ ರಟ್ಟು. ಗಿಲ್ಡರ್, ಕ್ವಾರ್ತ್ಯೆ ಎರಡೂ 2002ರಲ್ಲಿ ಯೂರೊ ಬಂದಾಗಲೇ ಹೋದವು. ಜನ ಮಾತ್ರ ಈಗಲೂ ಚೌಕಾಸಿ ಮಾಡುತ್ತಾರೆ.

ಮೇ 4ರ ವಿಷಯ ಬೇರೆ. ಅಂದು ಬಾವುಟ ಅರ್ಧಕ್ಕಿಳಿಯುತ್ತದೆ, ರಾತ್ರಿ ಎಂಟಕ್ಕೆ ಯುದ್ಧದಲ್ಲಿ ಸತ್ತವರಿಗಾಗಿ ದೇಶವೇ ಎರಡು ನಿಮಿಷ ಸುಮ್ಮನಾಗುತ್ತದೆ. 1979ರಲ್ಲಿ ನನಗಿದನ್ನು ಯಾರೂ ಹೇಳಿರಲಿಲ್ಲ. ಎಂಟಾದರೂ ಹೊರಗೆ ಬೆಳಕಿತ್ತು, ಕಿಟಕಿ ತೆರೆದಿದ್ದೆ. ಕೆಳಗೆ ಬಸ್ಸು ನಡುರಸ್ತೆಯಲ್ಲೇ ನಿಂತಿತು, ಸೈಕಲ್ಲಿನವ ಇಳಿದು ನಿಂತ. ಅಪಘಾತವೇನೋ ಎಂದು ಬಗ್ಗಿ ನೋಡುವಷ್ಟರಲ್ಲಿ ಒಲೆಯ ಮೇಲಿನ ಕುಕ್ಕರು ಸೀಟಿ ಹಾಕಿತು. ಆರಿಸಲು ಓಡಿದೆ, ಇನ್ನೊಂದು ಹಾಕಿತು. ಬೀದಿಯ ಒಬ್ಬರೂ ತಲೆಯೆತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುದಿನ ಮೇ 5, ವಿಮೋಚನೆಯ ದಿನ. ಕೆಳಗಿನ ಮನೆಯ ಅಜ್ಜಿ ಬಂದು, "ನಿಮ್ಮ ಮನೆಯಲ್ಲಿ ರೈಲು ಇದೆಯೇನಮ್ಮ?" ಎಂದಳು. ಕೂರಿಸಿ ಅನ್ನ, ಬದನೆಕಾಯಿ ಹುಳಿ ಬಡಿಸಿದೆ. ತಿನ್ನುತ್ತ ಯುದ್ಧಕಾಲದ, 1944ರ ಹಸಿವಿನ ಚಳಿಗಾಲದ ಮಾತು ತೆಗೆದಳು. ಆ ಹಸಿವಿಗೆ ಸತ್ತವರು ಸುಮಾರು 20,000. ಅಜ್ಜಿ ಸತ್ತವರ ಬಗ್ಗೆ ಏನೂ ಹೇಳಲಿಲ್ಲ, ಅಡುಗೆ ಹೇಳಿಕೊಡುವ ದನಿಯಲ್ಲಿ ಟ್ಯೂಲಿಪ್ ಗಡ್ಡೆ ಬೇಯಿಸುವುದನ್ನು ವಿವರಿಸಿದಳು: ಸಿಪ್ಪೆ ಸುಲಿಯಬೇಕು, ಸೀಳಿ ನಡುವಿನ ಹಳದಿ ಮೊಳಕೆ ತೆಗೆಯಬೇಕು, ಅದು ವಿಷ. ಕೊನೆಗೆ ತಟ್ಟೆಯಲ್ಲಿ ಅಂಟಿದ್ದ ಹುಳಿಯನ್ನು ಬ್ರೆಡ್ಡಿನ ತುಂಡಿನಿಂದ ಬಳಿದಳು. ತೊಳೆಯುವ ಅಗತ್ಯವೇ ಇರಲಿಲ್ಲ.

ಸೊಸೆಯ ಕರೆಂಟ್ ಕುಕ್ಕರಿಗೆ ಸೀಟಿಯೇ ಇಲ್ಲ. ಆದರೂ ಮೇ 4ರಂದು ಏಳೂವರೆಗೇ ನಾನು ಪ್ಲಗ್ಗು ಕೀಳುತ್ತೇನೆ. ಅನ್ನ ಬೆಂದಿಲ್ಲ ಎಂದು ಅವಳು ಗೊಣಗುತ್ತಾಳೆ.