ನೂರಕ್ಕೆ ನೂರ ನಲವತ್ತನಾಲ್ಕು

ಶಾಸನಗಳ ಪಾಠ ಮಾಡುವಾಗ ಪ್ರತಿವರ್ಷವೂ ಒಬ್ಬ ವಿದ್ಯಾರ್ಥಿಯಾದರೂ ಕೇಳುವ ಪ್ರಶ್ನೆಯೊಂದುಂಟು: ‘ಒಂದು ಗದ್ಯಾಣ ಅಂದರೆ ಈಗಿನ ಎಷ್ಟು ರೂಪಾಯಿ ಸರ್?’ ಇದಕ್ಕೆ ನಾನು ಅಂಕಿಯಲ್ಲಿ ಉತ್ತರ ಕೊಡುವುದಿಲ್ಲ. ಆ ಗದ್ಯಾಣಕ್ಕೆ ಎಷ್ಟು ಭತ್ತ ದೊರೆಯುತ್ತಿತ್ತು, ಎಷ್ಟು ಭೂಮಿ ದೊರೆಯುತ್ತಿತ್ತು ಎಂಬುದನ್ನು ಸಾಧ್ಯವಾದರೆ ಶಾಸನದಲ್ಲಿಯೇ ಹುಡುಕಿರಿ ಎನ್ನುತ್ತೇನೆ. ಯಾವ ವಸ್ತುವಿಗೆ, ಯಾರ ಕೈಯಲ್ಲಿ ಎಂಬುದನ್ನು ಬಿಟ್ಟು ನಾಣ್ಯದ ಬೆಲೆಯನ್ನು ಮಾತಾಡಿದರೆ ಅದು ಬರಿಯ ಅಂಕಿಯಾಗುತ್ತದೆ. ಇದನ್ನು ವಿವರಿಸಲು ನಾನು ಆರಿಸಿಕೊಳ್ಳುವ ನಿದರ್ಶನ ಮಾತ್ರ ಶಾಸನಯುಗದ್ದಲ್ಲ, 1949ರದು. ಹೆಸರಿನಲ್ಲಿ ಒಂದೇ ಆಗಿದ್ದ ಭಾರತ ಮತ್ತು ಪಾಕಿಸ್ತಾನಗಳ ರೂಪಾಯಿಗಳ ಕಥೆಯದು.

ದೇಶ ಇಬ್ಭಾಗವಾದ ದಿನವೇ ಹಣ ಇಬ್ಭಾಗವಾಗಲಿಲ್ಲ. 1948ರ ಜೂನ್ 30ರವರೆಗೆ ಭಾರತದ ರಿಸರ್ವ್ ಬ್ಯಾಂಕೇ ಪಾಕಿಸ್ತಾನಕ್ಕೂ ಕೇಂದ್ರ ಬ್ಯಾಂಕಾಗಿತ್ತು. ನಮ್ಮ ನೋಟುಗಳ ಮೇಲೆಯೇ ಪಾಕಿಸ್ತಾನ ಸರ್ಕಾರದ ಹೆಸರನ್ನು ಇಂಗ್ಲಿಷ್ ಮತ್ತು ಉರ್ದುಗಳಲ್ಲಿ ಅಚ್ಚೊತ್ತಿ ಅಲ್ಲಿ ಚಲಾವಣೆಗೆ ಬಿಡಲಾಯಿತು. ಖಜಾನೆಯ ಶಿಲ್ಕಿನಲ್ಲಿ ಪಾಕಿಸ್ತಾನದ ಪಾಲು 75 ಕೋಟಿ ಎಂದು ತೀರ್ಮಾನವಾಗಿ, 20 ಕೋಟಿ ಸಂದು, ಉಳಿದ 55 ಕೋಟಿಯನ್ನು ಕಾಶ್ಮೀರದ ಕಾರಣಕ್ಕೆ ತಡೆಹಿಡಿದುದು, 1948ರ ಜನವರಿಯಲ್ಲಿ ಗಾಂಧೀಜಿಯ ಉಪವಾಸದ ನಡುವೆ ಅದನ್ನು ಬಿಡುಗಡೆ ಮಾಡಿದುದು ಓದುಗರಿಗೆ ತಿಳಿದೇ ಇದೆ. ಜುಲೈ 1ರಂದು ಕರಾಚಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಆರಂಭವಾಯಿತು. ಆಮೇಲೂ ಒಂದು ವರ್ಷಕ್ಕೂ ಮಿಕ್ಕಿ ಅಲ್ಲಿನ ನೂರು ರೂಪಾಯಿ ಇಲ್ಲಿನ ನೂರು ರೂಪಾಯಿಗೆ ಸಮವಾಗಿಯೇ ನಡೆಯಿತು.

1949ರ ಸೆಪ್ಟೆಂಬರ್ 18ರಂದು ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿತು. ಭಾರತವೂ ಅದೇ ಪ್ರಮಾಣದಲ್ಲಿ ರೂಪಾಯಿಯನ್ನು ಇಳಿಸಿದ್ದರಿಂದ ಡಾಲರಿನ ಬೆಲೆ ಸುಮಾರು 3.31 ರೂಪಾಯಿಯಿಂದ 4.76ಕ್ಕೆ ಏರಿತು. (ಸ್ವಾತಂತ್ರ್ಯ ಬಂದಾಗ ಡಾಲರಿಗೆ ಒಂದೇ ರೂಪಾಯಿ ಇತ್ತೆಂಬ ಸಂದೇಶವೊಂದು ಮೊಬೈಲುಗಳಲ್ಲಿ ಬಹಳ ದಿನಗಳಿಂದ ಸುತ್ತುತ್ತಿದೆ. ವಿದ್ಯಾವಂತರೂ ಅದನ್ನು ಅಭಿಮಾನದಿಂದ ಮುಂದಕ್ಕೆ ಕಳುಹಿಸುತ್ತಾರೆ. ಅವರು ಈ 3.31ನ್ನು ಗಮನಿಸಬೇಕು.) ಪಾಕಿಸ್ತಾನ ಮಾತ್ರ ಇಳಿಸಲಿಲ್ಲ. ಅಲ್ಲಿನ ನೂರು ರೂಪಾಯಿಗೆ ಇಲ್ಲಿನ 144 ರೂಪಾಯಿ ಎಂಬ ಲೆಕ್ಕ ರಾತ್ರಿ ಕಳೆದು ಬೆಳಗಾಗುವುದರೊಳಗೆ ಹುಟ್ಟಿಕೊಂಡಿತು. ಈ ದರವನ್ನು ಒಪ್ಪಲು ದೆಹಲಿ ಸಿದ್ಧವಿರಲಿಲ್ಲ.

ಈ ಅಂಕಿ ಯಾರನ್ನು ತಾಗಿತೆಂಬುದು ತಿಳಿಯಬೇಕಾದರೆ ಸೆಣಬನ್ನು ನೋಡಬೇಕು. ಅವಿಭಜಿತ ಭಾರತದ ಸೆಣಬಿನಲ್ಲಿ ಸುಮಾರು ಮುಕ್ಕಾಲು ಪಾಲು ಬೆಳೆಯುತ್ತಿದ್ದುದು ಪೂರ್ವಬಂಗಾಳದಲ್ಲಿ; ಅದನ್ನು ನೂತು ಗೋಣಿಯಾಗಿಸುವ ಗಿರಣಿಗಳು ಇದ್ದುದು ಕಲ್ಕತ್ತೆಯ ಬಳಿ ಹೂಗ್ಲಿಯ ದಡದಲ್ಲಿ. ಗಡಿರೇಖೆ ಹೊಲವನ್ನು ಗಿರಣಿಯಿಂದ ಬೇರ್ಪಡಿಸಿತ್ತು. ಆದರೂ ನದಿಗಳಲ್ಲಿ ದೋಣಿಗಳು ಓಡಾಡುತ್ತಿದ್ದವು. ಈಗ ಪೂರ್ವಬಂಗಾಳದ ರೈತ ಒಂದು ಮಣ ಸೆಣಬಿಗೆ ತನ್ನ 25 ರೂಪಾಯಿ ಕೇಳಿದನೆಂದುಕೊಳ್ಳಿ, ಕಲ್ಕತ್ತೆಯವರು ತಮ್ಮ 36 ರೂಪಾಯಿ ತೆರಬೇಕು. ಗೋಣಿಯನ್ನು ಡಾಲರಿಗೆ ಮಾರುವ ಗಿರಣಿಗೆ ಕೈಸೇರುವ ರೂಪಾಯಿಯೂ ಹೆಚ್ಚುತ್ತದೆಯಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಹೊರಗೆ ಅಗ್ಗವಾಗಿ ಮಾರಲೆಂದೇ ಭಾರತ ಅಪಮೌಲ್ಯ ಮಾಡಿತ್ತು. ಕಚ್ಚಾವಸ್ತು ತುಟ್ಟಿಯಾದರೆ ಆ ಉದ್ದೇಶವೇ ಕೆಡುತ್ತಿತ್ತು. ಪಾಕಿಸ್ತಾನದ ಕಡೆಯಿಂದ ನೋಡಿದರೆ, ಸೆಣಬಿಗೆ ಜಗತ್ತಿನಲ್ಲಿ ಪ್ರತಿಸ್ಪರ್ಧಿಯೇ ಇಲ್ಲದಿರುವಾಗ ಅದನ್ನು ಅಗ್ಗ ಮಾಡುವುದೇಕೆ? ಹೊಸದಾಗಿ ತರಬೇಕಾದ ಯಂತ್ರಗಳನ್ನು ತುಟ್ಟಿ ಮಾಡಿಕೊಳ್ಳುವುದೇಕೆ? ಎರಡೂ ಕಡೆ ತರ್ಕವಿತ್ತು. ಆದರೆ ತರ್ಕಕ್ಕಿಂತ ಹೆಚ್ಚಾಗಿ ಹಟವೇ ಕೆಲಸ ಮಾಡಿತೆಂದು ನನಗನ್ನಿಸುತ್ತದೆ. ನಿನ್ನೆಯವರೆಗೆ ಸಮವಾಗಿದ್ದುದು ಇಂದು ಒಂದೂವರೆ ಪಟ್ಟಿನ ಹತ್ತಿರ ಬೆಲೆಬಾಳುವುದೆಂದರೆ ಅದನ್ನು ಬರಿಯ ಲೆಕ್ಕವೆಂದು ಓದುವ ಮನಸ್ಥಿತಿ ಆಗ ಇರಲಿಲ್ಲ.

ವ್ಯಾಪಾರ ನಿಂತಿತು. ಭಾರತ ಕಲ್ಲಿದ್ದಲನ್ನು ಕಳುಹಿಸುವುದನ್ನು ನಿಲ್ಲಿಸಿತು. ಗಿರಣಿಗಳಿಗೆ ಸೆಣಬು ಸಾಲದಾಯಿತು. ಪೂರ್ವಬಂಗಾಳದ ರೈತನಿಗೆ ದೊಡ್ಡ ಕೊಳ್ಳುವವರು ಇಲ್ಲವಾದರು. ಅವನಿಗಾಗಿ ಪಾಕಿಸ್ತಾನ ಸರ್ಕಾರ ಸೆಣಬಿನ ಮಂಡಳಿಯೊಂದನ್ನು ಸ್ಥಾಪಿಸಿ ಖರೀದಿಗೆ ಇಳಿಯಬೇಕಾಯಿತು. ಗಡಿಯುದ್ದಕ್ಕೂ ಕಳ್ಳಸಾಗಣೆ ನಡೆಯಿತು. ಕರಾಚಿಯಲ್ಲಿ ಕುಳಿತವರು ಕಾಪಾಡಿದ ರೂಪಾಯಿಯ ಎತ್ತರ ಕೆಸರುಗದ್ದೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಸೆಣಬು ಕೊಯ್ಯುವವನಿಗೆ ಏನು ತಂದಿತು? 1950ರ ಮೊದಲ ತಿಂಗಳುಗಳಲ್ಲಿ ಎರಡೂ ಬಂಗಾಳಗಳಲ್ಲಿ ಗಲಭೆಗಳಾಗಿ, ಲಕ್ಷಾಂತರ ಜನ ಮನೆ ತೊರೆದು, ಏಪ್ರಿಲ್‌ನಲ್ಲಿ ನೆಹರೂ–ಲಿಯಾಕತ್ ಒಪ್ಪಂದವಾಯಿತು. ಅದೇ ತಿಂಗಳು ಸೆಣಬಿನ ಬಗೆಗೂ ಒಂದು ಸೀಮಿತ ಒಪ್ಪಂದವಾಯಿತು. ವಿನಿಮಯ ದರದ ಮಾತನ್ನು ಅದರಲ್ಲಿ ಹೇಗೋ ಬದಿಗೆ ಸರಿಸಿದರು.

ಜೂನ್‌ನಲ್ಲಿ ಆರಂಭವಾದ ಕೊರಿಯಾ ಯುದ್ಧ ಸೆಣಬಿನ ಬೆಲೆಯನ್ನು ಎಲ್ಲೆಡೆ ಏರಿಸಿತು, ಪಾಕಿಸ್ತಾನದ ನಿಲುವಿಗೆ ಬಲ ತಂದಿತು. 1951ರ ಫೆಬ್ರವರಿಯಲ್ಲಿ ಭಾರತ 144ರ ದರವನ್ನು ಒಪ್ಪಿ ವ್ಯಾಪಾರ ಒಪ್ಪಂದ ಮಾಡಿಕೊಂಡಿತು. ಅಷ್ಟರಲ್ಲಿ ಹದಿನೇಳು ತಿಂಗಳು ಕಳೆದಿದ್ದವು.

ಆ ಅವಧಿಯಲ್ಲಿ ಎರಡೂ ಕಡೆಯವರು ಪರಸ್ಪರರಿಲ್ಲದೆ ಬದುಕುವ ದಾರಿ ಹುಡುಕಿದ್ದರು. ಪಶ್ಚಿಮಬಂಗಾಳ, ಅಸ್ಸಾಂ, ಬಿಹಾರ, ಒರಿಸ್ಸಾಗಳಲ್ಲಿ ಸೆಣಬಿನ ಬೆಳೆ ವಿಸ್ತರಿಸಿತು; ಅನ್ನದ ಕೊರತೆಯ ಕಾಲದಲ್ಲಿ ಭತ್ತದ ಗದ್ದೆಗಳೂ ಸೆಣಬಿಗೆ ತಿರುಗಿದವು. ಅತ್ತ ಢಾಕಾದ ಸಮೀಪದ ನಾರಾಯಣಗಂಜದಲ್ಲಿ ಆದಂಜಿ ಸೆಣಬಿನ ಗಿರಣಿ ತಲೆಯೆತ್ತಿತು. 1955ರಲ್ಲಿ ಪಾಕಿಸ್ತಾನ ತಾನೂ ಅಪಮೌಲ್ಯ ಮಾಡಿ ಡಾಲರಿಗೆ 4.76ಕ್ಕೆ ಇಳಿದಾಗ ನೂರಕ್ಕೆ ನೂರು ಮತ್ತೆ ಸಮವಾಯಿತು. ಆದರೆ ಪೂರ್ವಬಂಗಾಳದ ಸೆಣಬು ಕಲ್ಕತ್ತೆಗೆ ಹಿಂದಿನಂತೆ ಬರಲಿಲ್ಲ. 1966ರ ಜೂನ್‌ನಲ್ಲಿ ಭಾರತ ಡಾಲರಿಗೆ 7.50 ಎಂದು ಮತ್ತೆ ಇಳಿಸಿದಾಗ ಪಾಕಿಸ್ತಾನ ಅದೇ 4.76ರಲ್ಲಿ ನಿಂತಿತು. ಅಲ್ಲಿನ ನೂರಕ್ಕೆ ಇಲ್ಲಿನ ಸುಮಾರು 157 ಎಂಬ ಲೆಕ್ಕ ಬಂದರೂ ಈ ಸಲ ಅದಕ್ಕಾಗಿ ಯಾರೂ ಜಗಳಾಡಲಿಲ್ಲ. ಹಿಂದಿನ ವರ್ಷದ ಯುದ್ಧದಲ್ಲಿಯೇ ವ್ಯಾಪಾರ ನಿಂತುಹೋಗಿತ್ತು.