ತಲೆ ಎತ್ತಿದರೆ ಸಾಸಿವೆ

ಊಟಕ್ಕೆ ಕರೆದವರ ಮನೆಯಲ್ಲಿ ಮೇಜಿನ ಮೇಲಿನ ಉಪ್ಪಿನ ಕುಡಿಕೆಯನ್ನೆತ್ತಿ, ತಲೆಕೆಳಗು ಮಾಡಿ, ಕನ್ನಡಕವನ್ನು ಹಣೆಗೇರಿಸಿ, ಅದರ ತಳವನ್ನು ಪರೀಕ್ಷಿಸುವುದು ಶಿಷ್ಟಾಚಾರವಲ್ಲವೆಂಬುದನ್ನು ನಾನು ಬಲ್ಲೆನಾದರೂ, ಅಮೆರಿಕದ ಓಹಾಯೋದಲ್ಲಿ ನೆಲಸಿದ ಮೇಲೆ ನನಗೆ ಅಂಟಿಕೊಂಡ ವ್ಯಸನಗಳಲ್ಲೆಲ್ಲ ಇದೇ ಪ್ರಬಲವಾದುದರಿಂದ, ನನ್ನಾಕೆ ಈಗೀಗ ಆ ಕುಡಿಕೆಯನ್ನು ಮೊದಲೇ ತನ್ನ ಕಡೆಗೆ ಸರಿಸಿಕೊಂಡು ಊಟಕ್ಕೆ ಕೂರುತ್ತಾಳೆ. ಇಲ್ಲಿ ಹಿರಿಯರು ಕಾಲವಾದಾಗಲೋ, ದೊಡ್ಡ ಮನೆಯನ್ನು ಬಿಟ್ಟು ಚಿಕ್ಕದಕ್ಕೆ ಹೋಗುವಾಗಲೋ, ಅವರ ಸಂಸಾರದ ಸಕಲ ಸಾಮಗ್ರಿಯನ್ನೂ ಬಾಗಿಲು ತೆರೆದಿಟ್ಟು ಮಾರುವ ಪದ್ಧತಿಯುಂಟು. ಗತಿಸಿದವರ ಅಡುಗೆಮನೆಯಲ್ಲಿ ಅಪರಿಚಿತನಾಗಿ ಅಡ್ಡಾಡುವುದು ಆರಂಭದಲ್ಲಿ ಅಷ್ಟೇನೂ ಹಿತವೆನಿಸಲಿಲ್ಲ. ಆದರೆ ಅಂಥದೊಂದು ಕಪಾಟಿನಿಂದ ಕೆಂಪುಗೆನ್ನೆಯ, ನೀಳರೆಪ್ಪೆಯ ಪಿಂಗಾಣಿಯ ನಿಂಬೆಹಣ್ಣೊಂದು ನನ್ನತ್ತ ಓರೆನೋಟ ಬೀರಿದಾಗ ಸಂಕೋಚವು ತಾನಾಗಿಯೇ ತೊಲಗಿತು.

ಈ ಜಾತಿಯ ಪಾತ್ರೆಗಳಲ್ಲಿ ಪ್ರಯೋಜನಕ್ಕಿಂತ ವಿನೋದವೇ ಪ್ರಧಾನ. ನಗುವ ಟೊಮ್ಯಾಟೊ, ಅಳುವ ಈರುಳ್ಳಿ, ಮುಖವೇ ಟೀಪಾಟಾದ ನೀಲಿ ಬೆಕ್ಕು, ಮುನಿಸಿಕೊಂಡು ಕುಳಿತ ಉಪ್ಪು-ಮೆಣಸಿನ ದಂಪತಿ, ಹೀಗೆ ಆ ಲೋಕದಲ್ಲಿ ಮುಖವಿಲ್ಲದ ಪದಾರ್ಥವೇ ಇಲ್ಲ. ಹಂಗೇರಿಯಿಂದ ಬಂದ ಜಾರ್ಜ್ ಲೆಫ್ಟನ್ 1941ರಲ್ಲಿ ಷಿಕಾಗೋದಲ್ಲಿ ಆರಂಭಿಸಿದ ಸಂಸ್ಥೆ, ನಮ್ಮ ಕ್ಲೀವ್‌ಲೆಂಡಿನ ನ್ಯಾಪ್ಕೋ, ಕನೆಕ್ಟಿಕಟ್ಟಿನ ಹೋಲ್ಟ್-ಹವರ್ಡ್ ಮೊದಲಾದ ವರ್ತಕರು ಇವನ್ನು ಜಪಾನಿನಿಂದ ತರಿಸಿ ಮಾರಿದರು. ಹೋಲ್ಟ್-ಹವರ್ಡಿನವರು 1958ರಲ್ಲಿ ಹೊರತಂದ ‘ಪಿಕ್ಸಿವೇರ್’ ಮಾಲೆಯ ಜಾಡಿಗಳಿಗೆ ಕುಳ್ಳ ಯಕ್ಷರ ತಲೆಗಳೇ ಮುಚ್ಚಳ; ತಲೆಯನ್ನು ಹಿಡಿದೆತ್ತಿದರೆ ಕುತ್ತಿಗೆಗೆ ಅಂಟಿದಂತೆ ಚಮಚ, ಚಮಚದ ತುದಿಯಲ್ಲಿ ಸಾಸಿವೆಯ ಗೊಜ್ಜು. ಇಷ್ಟು ಅನಾವಶ್ಯಕವಾದ ವಸ್ತುವನ್ನು ಇಷ್ಟು ಶ್ರದ್ಧೆಯಿಂದ ನಿರ್ಮಿಸಿದವರನ್ನು ನಾನು ಬೇರೆಲ್ಲಿಯೂ ಕಾಣೆ.

ನಿರ್ಮಿಸಿದವರೆಂದರೆ ಈ ವರ್ತಕರಲ್ಲ. ನಾಗೋಯಾ ನಗರದ ಈಶಾನ್ಯಕ್ಕಿರುವ ಸೆಟೋ, ಜಪಾನಿನ ಆರು ಪ್ರಾಚೀನ ಕುಂಭಕಾರ ಕ್ಷೇತ್ರಗಳಲ್ಲೊಂದು. ಶತಮಾನಗಳ ಕಾಲ ಬಟ್ಟಲು ಹೂಜಿಗಳನ್ನು ಸುಟ್ಟ ಆ ಊರು, ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಪಿಂಗಾಣಿ ಗೊಂಬೆಗಳು ಅಮೆರಿಕದ ಅಂಗಡಿಗಳಿಗೆ ಬರುವುದು ನಿಂತಾಗ ಆ ತೆರವನ್ನು ತುಂಬಲು ಗೊಂಬೆಯ ವಿದ್ಯೆಯನ್ನು ಕಲಿತು, ಎರಡನೆಯ ಯುದ್ಧದ ತರುವಾಯ ಅದೇ ವಿದ್ಯೆಯಿಂದ ಡಾಲರು ಸಂಪಾದಿಸಿತು. ಈ ಕೆಲಸದಲ್ಲಿ ಕುಂಬಾರನ ಚಕ್ರಕ್ಕೆ ಪಾತ್ರವಿಲ್ಲ. ನೀರಾಗಿ ಕಲಸಿದ ಜೇಡಿಯನ್ನು ಪ್ಲಾಸ್ಟರಿನ ಅಚ್ಚಿಗೆ ಹೊಯ್ದರೆ, ಅಚ್ಚು ನೀರನ್ನು ಹೀರಿ ತನ್ನ ಒಳಮೈಗೆ ಜೇಡಿಯ ತೆಳುಪದರವನ್ನು ಹಿಡಿದುಕೊಳ್ಳುತ್ತದೆ. ಮಿಕ್ಕುದನ್ನು ಬಗ್ಗಿಸಿ ತೆಗೆದರೆ ಉಳಿಯುವುದು ಟೊಳ್ಳಾದ ನಿಂಬೆಹಣ್ಣು.

ಅದರ ಪೂರ್ವೋತ್ತರವನ್ನು ತಿಳಿಯಬೇಕಾದವರು ತಳಕ್ಕೇ ಬರಬೇಕು. ಅಮೆರಿಕದ 1890ರ ಸುಂಕದ ಶಾಸನವು ಪರದೇಶದ ಸರಕಿನ ಮೇಲೆ ದೇಶದ ಹೆಸರನ್ನು ಕಡ್ಡಾಯ ಮಾಡಿದುದರಿಂದ ಮೊದಮೊದಲು ‘ನಿಪ್ಪಾನ್’ ಎಂದೂ, 1921ರಿಂದೀಚೆಗೆ ‘ಜಪಾನ್’ ಎಂದೂ ಮುದ್ರೆಯೊತ್ತುತ್ತಿದ್ದರು. ‘ಆಕ್ಯುಪೈಡ್ ಜಪಾನ್’ ಎಂಬ ಮುದ್ರೆ ಕಂಡಿತೋ, ಅದು ಯುದ್ಧಾನಂತರದ ಪರಾಧೀನತೆ 1952ರ ಏಪ್ರಿಲಿನಲ್ಲಿ ಮುಗಿಯುವುದಕ್ಕೆ ಮುಂಚಿನದೆಂದು ತಿಳಿಯಬಹುದು. ಸಂಗ್ರಾಹಕರು ಈ ಮುದ್ರೆಗಾಗಿ ಹಾತೊರೆಯುತ್ತಾರೆ. ನನಗೋ, ಸೋತ ದೇಶವೊಂದು ತನ್ನ ಸೋಲನ್ನು ಗೆದ್ದವರ ಉಪ್ಪಿನ ಕುಡಿಕೆಯ ಅಡಿಯಲ್ಲಿ ಬರೆದು ಕಳುಹಿಸಬೇಕಾಯಿತಲ್ಲ ಎಂಬ ನೆನಪು ಆ ಸಂತೋಷವನ್ನು ಕೆಡಿಸುತ್ತದೆ. ಇನ್ನು ಎಷ್ಟೋ ಗೊಂಬೆಗಳಿಗೆ ಮುದ್ರೆಯ ಭಾಗ್ಯವೂ ಇಲ್ಲ; ಕಾಗದದ್ದೋ ಬೇಗಡೆಯದೋ ಒಂದು ಚೀಟಿಯನ್ನಂಟಿಸಿ ಕಳುಹಿಸುತ್ತಿದ್ದರು, ಪಾತ್ರೆ ತೊಳೆದಂದೇ ಅದರ ವಂಶಾವಳಿ ಮೋರಿಯ ಪಾಲಾಗುತ್ತಿತ್ತು. ಅಂಥವನ್ನು ಗುರುತಿಸಲು ಬೆಂಡಿನ ಬಿರಡೆ, ಮೆರುಗಿನಲ್ಲಿ ಮೂಡಿದ ಕೂದಲೆಳೆಯ ಬಿರುಕು, ತೂಕ ಇವನ್ನೆಲ್ಲ ಕೂಡಿಸಿ ನೋಡಬೇಕು. ಸುಟ್ಟ ಬಣ್ಣ ಉಳಿಯುತ್ತದೆ. ಸುಡದೆ ಮೇಲಿಂದ ಹಚ್ಚಿದ ಬಣ್ಣ ಉಜ್ಜಿದಷ್ಟೂ ಹೋಗುತ್ತದೆ. ಕೆನ್ನೆಯ ಕೆಂಪು ಮಾಸಿದ ಗೊಂಬೆಗೆ ವ್ಯಾಪಾರಿಗಳು ಬೆಲೆಯಿಳಿಸುತ್ತಾರೆ. ನಾನು ಹುಡುಕುವುದು ಅಂಥವನ್ನೇ: ಅವನ್ನು ಯಾರೋ ದಿನವೂ ಬಳಸಿ, ದಿನವೂ ತೊಳೆದಿದ್ದಾರೆ.

ಒಂದೇ ಅಚ್ಚಿನಲ್ಲಿ ಹುಟ್ಟಿದ ಎರಡು ನಿಂಬೆಹಣ್ಣುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದರ ಹುಬ್ಬು ಅಚ್ಚರಿಯಿಂದ ಏರಿದೆ, ಮತ್ತೊಂದರದು ಅನುಮಾನದಿಂದ ಬಾಗಿದೆ; ಏಕೆಂದರೆ ಹುಬ್ಬನ್ನು ಎಳೆದುದು ಅಚ್ಚಲ್ಲ, ಕುಂಚ. ತಳದಲ್ಲಿ ದೇಶದ ಹೆಸರುಂಟು, ವರ್ತಕನ ಹೆಸರುಂಟು, ಸರಕಿನ ಸಂಖ್ಯೆಯುಂಟು. ಆ ಹುಬ್ಬನ್ನೆಳೆದವರ ಹೆಸರು ಮಾತ್ರ ಇಲ್ಲ. ಆದುದರಿಂದ ನಾನು ನನ್ನ ಕಪಾಟನ್ನು ವರ್ತಕರ ಹೆಸರಿಗನುಸಾರವಾಗಿ ಜೋಡಿಸದೆ ಹುಬ್ಬುಗಳ ಹೋಲಿಕೆಗನುಸಾರವಾಗಿ ಜೋಡಿಸಿದ್ದೇನೆ. ಶಾಸ್ತ್ರಬದ್ಧರಾದ ಸಂಗ್ರಾಹಕರು ಬಂದು ನೋಡಿ ಮರುಗಿ ಹೋಗುತ್ತಾರೆ.

ಸೆಟೋದಲ್ಲಿ ಈ ಹುಬ್ಬುಗಳನ್ನೆಳೆಯುವ ಕಾಲವೂ ಮುಗಿಯಿತು. ಡಾಲರೊಂದಕ್ಕೆ 360 ಯೆನ್ ಎಂದು 1949ರಲ್ಲಿ ನಿಗದಿಯಾದ ದರವು 1971ರಲ್ಲಿ ಕದಲಿ, ವರ್ಷಾಂತ್ಯಕ್ಕೆ 308ಕ್ಕೆ ಇಳಿದು, ಡಾಲರಿನ ಬೆಲೆಯನ್ನಿಳಿಸಲು ದೇಶದೇಶಗಳು ಮಾಡಿಕೊಂಡ 1985ರ ಒಪ್ಪಂದದ ಅನಂತರ ಯೆನ್ ಮತ್ತಷ್ಟು ದುಬಾರಿಯಾದಾಗ, ಅಗ್ಗದ ನಗೆ ಸೆಟೋಗೆ ಗಿಟ್ಟಲಿಲ್ಲ; ಆ ಕಸುಬು ತೈವಾನು, ಕೊರಿಯಾ, ಚೀನಾಗಳ ಪಾಲಾಯಿತು.

ನಮ್ಮ ಅತ್ತೆಯವರು ಜನ್ಮದಲ್ಲಿ ಈರುಳ್ಳಿ ಮುಟ್ಟಿದವರಲ್ಲ. ಮೈಸೂರಿನಿಂದ ಬಂದ ಅವರು ಕಪಾಟಿನ ಮುಂದೆ ಬಹಳ ಹೊತ್ತು ನಿಂತು, ನಿಂಬೆಹಣ್ಣಿನ ಜಾಡಿಯನ್ನು ಮನಸಾರೆ ಮೆಚ್ಚಿ, ಅದಕ್ಕೆ ಉಪ್ಪಿನಕಾಯಿಯನ್ನು ತುಂಬಲು ಹೊರಟರು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು, ಹುಳಿಯ ಪದಾರ್ಥವನ್ನು ಇದರಲ್ಲಿ ಇಡಲಾಗದು ಎಂದು ವಿನಯದಿಂದ ತಡೆದೆ. ಹಾಗಾದರೆ ಇದನ್ನು ಇಟ್ಟುಕೊಂಡಿರುವುದೇತಕ್ಕೆ ಎಂಬ ಪ್ರಶ್ನೆಯನ್ನು ಸೌಜನ್ಯದಿಂದ ನುಂಗಿಕೊಂಡ ಅವರು, ಅಳುವ ಈರುಳ್ಳಿಯ ಕಡೆಗೆ ಬೆರಳು ಮಾಡಿ, “ಅಳಿಯಂದಿರೇ, ಏಕಾದಶಿಯ ದಿನವಾದರೂ ಇದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಡಿ” ಎಂದರು. ಈಗ ನನ್ನಾಕೆ ಪಂಚಾಂಗ ನೋಡಿ ಅದನ್ನು ತಿರುಗಿಸುತ್ತಾಳೆ. ದ್ವಾದಶಿಯ ಬೆಳಿಗ್ಗೆ ಮತ್ತೆ ಈ ಕಡೆಗೆ ತಿರುಗಿಸುವ ಕೆಲಸ ನನ್ನದು.