ದೊಡ್ಡಬೆಟ್ಟದ ದಾರಿಯಲ್ಲಿ

ನೀಲಗಿರಿಯ ಅತ್ಯುನ್ನತ ಶಿಖರ ದೊಡ್ಡಬೆಟ್ಟ. ಎತ್ತರ 2,637 ಮೀಟರು. ಹೆಸರು ಅಚ್ಚ ಕನ್ನಡದ್ದು. ಕಾರ್ತಿಕ ಮಾಸ ಕಳೆದ ಮೇಲೊಂದು ಭಾನುವಾರ ನಾವು ಒಂಬತ್ತು ವಿದ್ಯಾರ್ಥಿಗಳು ಗುರುಗಳೊಡನೆ, ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ಅದರ ಮಗ್ಗುಲಿನ ಕಾಲುದಾರಿ ಹಿಡಿದೆವು.

ಹಿಂದಿನ ರಾತ್ರಿ ಮೋಡವಿರಲಿಲ್ಲ. ಅಂಥ ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹಾರಿಹೋಗುತ್ತದೆ. ತಣ್ಣನೆಯ ಗಾಳಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಆದುದರಿಂದ ತಗ್ಗಿನ ಹುಲ್ಲೆಲ್ಲ ಹೆಪ್ಪುಗಟ್ಟಿದ ಇಬ್ಬನಿಯಿಂದ ಉಪ್ಪು ಚೆಲ್ಲಿದಂತೆ ಬೆಳ್ಳಗಿತ್ತು.

ಮುಂದೆ, ಹಿಂಗಾರಿನ ಗಾಳಿಗೆ ಬುಡಮೇಲಾದ ವ್ಯಾಟಲ್ ಮರವೊಂದು ದಾರಿಗೆ ಅಡ್ಡ ಬಿದ್ದಿತ್ತು. ಈ ಮರದ ಬೇರು ಆಳಕ್ಕಿಳಿಯುವುದಿಲ್ಲ. ಕಾಂಡದ ಮೇಲೆ ಗಾಜಿನಂಥ ಮಂಜುಗಡ್ಡೆ. ಕೆಳಗೆ ಕಡಿದಾದ ಇಳಿಜಾರು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನ ಕಾಲಲ್ಲಿ ಬರಿಯ ರಬ್ಬರ್ ಚಪ್ಪಲಿ. "ನಾನಿಲ್ಲೇ ಕೂತಿರ್ತೀನಿ, ನೀವು ಹೋಗಿ ಬನ್ನಿ" ಎಂದ.

ಗುರುಗಳು ಸುಮ್ಮನೆ ನಮ್ಮ ಮುಖ ನೋಡಿದರು. ಹೋದರೆ ಎಲ್ಲರೂ, ಇಲ್ಲವಾದರೆ ಯಾರೂ ಬೇಡ ಎಂದು ನಿಶ್ಚಯಿಸಿದೆವು. ಬುತ್ತಿ ಹಂಚಿ ತಿನ್ನುತ್ತಾ ಕಾದೆವು. ಬಿಸಿಲೇರಿ ಮಂಜು ಕರಗಿದ ಮೇಲೆ, ಕೈಗೆ ಕೈ ಹಿಡಿದು, ಬೇರಿನ ಕಡೆಯಿಂದ ಸುತ್ತಿ ದಾಟಿದೆವು.

ಶಿಖರ ಸೇರುವಾಗ ಮೋಡ ಕವಿದು ಏನೂ ಕಾಣಿಸಲಿಲ್ಲ. ಗುರುಗಳು ತಲೆ ಎಣಿಸಿದರು. ಒಂಬತ್ತೂ ಇದ್ದವು.